ಐರ್ಲೆಂಡಿನ ದಂಗೆಗಳ ಸ್ಮರಣದಿನ ನಿರ್ಣಯ

ನಡೆದುಹೋದ ಘಟನೆಯೊಂದರ ವಾರ್ಷಿಕ ಸ್ಮರಣೆಯನ್ನು ಯಾವ ದಿನ ಮಾಡತಕ್ಕದ್ದೆಂಬ ಪ್ರಶ್ನೆಯು ಮೇಲುನೋಟಕ್ಕೆ ಸುಲಭವಾಗಿ ಕಂಡರೂ, ಧರ್ಮಶಾಸ್ತ್ರಕಾರರು ಅದಕ್ಕಾಗಿ ದೊಡ್ಡ ದೊಡ್ಡ ನಿಬಂಧಗಳನ್ನೇ ಬರೆಯಬೇಕಾಯಿತು. ಚಾಂದ್ರಮಾನದ ತಿಥಿಯು ಪ್ರಮಾಣವೋ ಸೌರಮಾನದ ದಿನವು ಪ್ರಮಾಣವೋ, ತಿಥಿಯು ಎರಡು ದಿನಗಳನ್ನು ವ್ಯಾಪಿಸಿದಾಗ ಯಾವುದು ಗ್ರಾಹ್ಯ ಯಾವುದು ತ್ಯಾಜ್ಯ ಎಂಬ ವಿಚಾರಗಳಿಂದಲೇ ನಿರ್ಣಯಸಿಂಧುವೇ ಮೊದಲಾದ ಗ್ರಂಥಗಳು ತುಂಬಿವೆ. ಈ ತೊಡಕು ಭಾರತೀಯರಿಗೆ ಮಾತ್ರ ಒದಗಿದುದೆಂದು ಭಾವಿಸಬೇಕಾಗಿಲ್ಲ. ಯೂರೋಪಿನ ಪಡುವಣ ಅಂಚಿನಲ್ಲಿರುವ ಐರ್ಲೆಂಡು ದ್ವೀಪದಲ್ಲಿ, ಬ್ರಿಟಿಷರ ಆಳಿಕೆಗೆ ಇದಿರಾಗಿ ಎದ್ದ ದಂಗೆಗಳನ್ನೂ ನಡೆದ ಯುದ್ಧಗಳನ್ನೂ ನೆನೆಯುವ ದಿನಗಳ ವಿಷಯದಲ್ಲಿ ಇಂತಹುದೇ ತೊಡಕು ಇಂದಿಗೂ ಉಂಟು. ಅಲ್ಲಿ ದಿನದ ಆಯ್ಕೆಯೊಡನೆ, ಯಾರ ಮರಣವನ್ನು ನೆನೆಯಬೇಕೆಂಬ ವಿವಾದವೂ ಹೆಣೆದುಕೊಂಡಿದೆ.

1916ನೆಯ ಇಸವಿಯ ದಂಗೆಯನ್ನೇ ಮೊದಲು ತೆಗೆದುಕೊಳ್ಳುವುದು ಉಚಿತ. ಆಗ ಯೂರೋಪಿನಲ್ಲಿ ಮಹಾಯುದ್ಧವು ನಡೆಯುತ್ತಿದ್ದಿತು. ಇಂಗ್ಲೆಂಡಿಗೆ ಒದಗಿದ ಸಂಕಟವೇ ತಮಗೆ ಸಂಧಿಕಾಲವೆಂದು ಎಣಿಸಿದ ಐರಿಷ್ ಗಣರಾಜ್ಯ ಸೋದರಕೂಟವೆಂಬ ಗುಪ್ತಸಂಘದವರು, ಸ್ವಯಂಸೇವಕ ದಳಗಳ ಕವಾಯತೆಂಬ ನೆಪದಲ್ಲಿ, ಕ್ರಿಸ್ತನ ಪುನರುತ್ಥಾನದ ಹಬ್ಬವಾದ ಈಸ್ಟರ್ ಭಾನುವಾರದಂದು ಆಯುಧ ಹಿಡಿದು ಏಳಬೇಕೆಂದು ಸಂಕೇತ ಮಾಡಿಕೊಂಡರು. ಆ ವರ್ಷ ಆ ಭಾನುವಾರವು ಏಪ್ರಿಲ್ 23ನೆಯ ತಾರೀಖಿಗೆ ಬಂದಿತ್ತು. ಆದರೆ ಜರ್ಮನಿಯಿಂದ ಬಂದೂಕುಗಳನ್ನು ತರುತ್ತಿದ್ದ ಹಡಗು ಬ್ರಿಟಿಷ್ ನೌಕಾಬಲದವರ ಕಣ್ಣಿಗೆ ಬಿದ್ದು, ಅದರ ನಾವಿಕರೇ ಅದನ್ನು ಮುಳುಗಿಸಿಬಿಟ್ಟರು. ಜರ್ಮನಿಯೊಡನೆ ಸಂಧಾನ ನಡೆಸಿದ್ದ ರೋಜರ್ ಕೇಸ್‌ಮೆಂಟನು ಕೆರ್ರಿ ಪ್ರಾಂತದ ತೀರದಲ್ಲಿ ಇಳಿದ ದಿನವೇ ಸೆರೆಸಿಕ್ಕಿದನು. ಸ್ವಯಂಸೇವಕ ದಳಗಳ ಮುಖ್ಯಸ್ಥನಾಗಿದ್ದ ಓಯಿನ್ ಮ್ಯಾಕ್‌ನೀಲನಿಗೆ ದಂಗೆಯ ಸಂಕಲ್ಪವನ್ನೇ ಮರೆಮಾಚಲಾಗಿತ್ತು. ಈತನು ಪ್ರಾಚೀನ ಐರಿಷ್ ಚರಿತ್ರೆಯ ಪ್ರಾಧ್ಯಾಪಕ. ಹಸ್ತಪ್ರತಿಗಳ ನಡುವೆ ಬಾಳಿದವನು. ವಿಷಯವು ತಿಳಿದೊಡನೆಯೇ ಆತನು ಭಾನುವಾರದ ಕವಾಯತನ್ನು ರದ್ದುಪಡಿಸಿ, ಆ ಬೆಳಗಿನ ವೃತ್ತಪತ್ರಿಕೆಯಲ್ಲಿ ಆಜ್ಞೆಯನ್ನು ಪ್ರಕಟಿಸಿದನು. ಗುಪ್ತಸಂಘದವರು ಅಂದೇ ಸಭೆ ಸೇರಿ ಒಂದು ದಿನ ತಡಮಾಡಿದರೆಂಬುದು ಪ್ರಸಿದ್ಧವಾಗಿದೆ. ಏಪ್ರಿಲ್ 24ನೆಯ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಡಬ್ಲಿನ್ ನಗರದ ಪ್ರಧಾನ ಅಂಚೆಕಚೇರಿಯು ದಂಗೆಯವರ ವಶವಾಯಿತು. ಅದರ ಮುಂದೆ ನಿಂತು ಪ್ಯಾಟ್ರಿಕ್ ಪಿಯರ್ಸನು ಗಣರಾಜ್ಯದ ಘೋಷಣಾಪತ್ರವನ್ನು ಓದಿದನು. 29ನೆಯ ಶನಿವಾರ ಶರಣಾಗತಿಯಾಯಿತು.

ದಂಗೆಯು ನಡೆದುದು ಸೋಮವಾರ, ಸಂಕಲ್ಪಿತವಾದುದು ಭಾನುವಾರ. ಐರಿಷ್ ಸರ್ಕಾರದವರು ಪ್ರತಿವರ್ಷ ಅಂಚೆಕಚೇರಿಯ ಮುಂದೆ ನಡೆಸುವ ಮುಖ್ಯ ಸ್ಮರಣೆಯಾದರೋ ಈಸ್ಟರ್ ಭಾನುವಾರದಂದೇ ನಡೆಯುತ್ತದೆ. ಎಂದರೆ, ಏನೂ ನಡೆಯದೆ ಹೋದ ದಿನವನ್ನೇ ಸ್ಮರಣೆಗೆ ಗ್ರಾಹ್ಯವೆಂದು ಎಣಿಸಿದಂತಾಯಿತು. ಕ್ರಿಯೆಗಿಂತ ಸಂಕಲ್ಪಕ್ಕೆ ಹೆಚ್ಚಿನ ಬೆಲೆಯೆಂದು ಮೀಮಾಂಸಕರು ಇದನ್ನು ಸಮರ್ಥಿಸಬಹುದೇನೋ!

ಇದಕ್ಕಿಂತಲೂ ವಿಚಾರಣೀಯವಾದುದು, ಈ ಸ್ಮರಣೆಯು ಏಪ್ರಿಲ್ 24ಕ್ಕೆ ಅಂಟಿಕೊಳ್ಳದೆ ಈಸ್ಟರ್ ಹಬ್ಬಕ್ಕೆ ಅಂಟಿಕೊಂಡಿರುವುದು. ಈಸ್ಟರಿನ ದಿನವು ಮಕರಸಂಕ್ರಾಂತಿಯಂತೆ ಸೂರ್ಯನೊಬ್ಬನನ್ನೇ ಅನುಸರಿಸತಕ್ಕದ್ದಲ್ಲ, ಚಾಂದ್ರಮಾನದ ಯುಗಾದಿಯಂತೆ ಚಂದ್ರನನ್ನೂ ಅನುಸರಿಸತಕ್ಕದ್ದು. ಮಾರ್ಚಿ 21ನ್ನು ವಸಂತವಿಷುವವೆಂದು ಇಟ್ಟುಕೊಂಡು, ಅಂದಾಗಲಿ ಅದರ ತರುವಾಯವಾಗಲಿ ಬರುವ ಮೊದಲನೆಯ ಪೂರ್ಣಿಮೆಯನ್ನು ಗೊತ್ತುಮಾಡಿ, ಆ ಪೂರ್ಣಿಮೆಯ ಮುಂದಣ ಭಾನುವಾರವನ್ನು ಈಸ್ಟರ್ ಎಂದು ಕರೆಯುತ್ತಾರೆ. ಈ ಪೂರ್ಣಿಮೆಯೂ ಆಕಾಶದಲ್ಲಿ ಕಾಣುವ ಚಂದ್ರನದಲ್ಲ. 19 ವರ್ಷಗಳ ಚಕ್ರವನ್ನಾಧರಿಸಿ ಕ್ರೈಸ್ತ ಗುರುಗಳು ಗಣಿಸಿಕೊಂಡಿರುವ ಚಂದ್ರನದು. ಆದಕಾರಣ ಹಬ್ಬವು ಮಾರ್ಚಿ 22ರಿಂದ ಏಪ್ರಿಲ್ 25ರವರೆಗಿನ 35 ದಿನಗಳಲ್ಲಿ ಎಲ್ಲಿ ಬೇಕಾದರೂ ಬೀಳಬಹುದು. ಈ ರೀತಿಯಲ್ಲಿ ಗಣಿಸಿ ನೋಡಿದರೆ, 1916ರ ತರುವಾಯ ಈಸ್ಟರಿನ ಸೋಮವಾರವು ಮತ್ತೆ ಏಪ್ರಿಲ್ 24ಕ್ಕೆ ಬಂದುದು 2000ನೆಯ ಇಸವಿಯಲ್ಲಿ ಮಾತ್ರ. ಹಬ್ಬ, ತಾರೀಖು ಎರಡೂ ಕೂಡಿಬರುವುದಕ್ಕೆ 84 ವರ್ಷ ಹಿಡಿಯಿತು.

84 ಎಂಬ ಈ ಸಂಖ್ಯೆಯು ಕಾಕತಾಳೀಯವೇ ಸರಿ. ಆದರೂ ಅದು ಐರ್ಲೆಂಡಿನ ಹಳೆಯ ಪಂಡಿತರ ಜಗಳವೊಂದನ್ನು ನೆನಪಿಗೆ ತರುತ್ತದೆ. ಆ ದ್ವೀಪದ ಪೂರ್ವಕಾಲದ ಕ್ರೈಸ್ತ ಮಠಗಳವರು 84 ವರ್ಷಗಳ ಚಕ್ರದಿಂದ ಈಸ್ಟರನ್ನು ಗಣಿಸುತ್ತಿದ್ದರು. ರೋಮಿನವರ ಗಣನೆಯು ಬೇರೆಯಾಗಿತ್ತು. ಕ್ರಿ. ಶ. 632ರ ಸುಮಾರಿನಲ್ಲಿ ಕುಮ್ಮಿಯನ್ ಎಂಬ ಐರಿಷ್ ವಿದ್ವಾಂಸನು ಅಯೋನಾ ದ್ವೀಪದ ಮಠಾಧಿಪತಿಗೆ ಬರೆದ ಪತ್ರವು ಉಳಿದುಬಂದಿದೆ. ರೋಮಿಗೆ ಹೋಗಿದ್ದ ಐರಿಷ್ ಯಾತ್ರಿಕರು ಅನ್ಯದೇಶೀಯರೊಡನೆ ಒಂದೇ ಬಿಡಾರದಲ್ಲಿ ಇಳಿದುಕೊಂಡು, ಉಳಿದವರೆಲ್ಲರೂ ಹಬ್ಬವನ್ನಾಚರಿಸುತ್ತಿರುವಾಗ ತಮ್ಮ ಗಣನೆಯ ಹಬ್ಬವು ಅದರಿಂದ ಒಂದು ತಿಂಗಳಷ್ಟು ದೂರವಿರುವುದನ್ನು ಕಂಡರೆಂದು ಆತನು ತಿಳಿಸುತ್ತಾನೆ. ಇಂಗ್ಲೆಂಡಿನ ವ್ಹಿಟ್‌ಬಿಯಲ್ಲಿ 664ರಲ್ಲಿ ಈ ವಿಷಯವಾಗಿ ವಾದಸಭೆಯೇ ನಡೆಯಿತು. ಅಯೋನಾದವರು 716ರವರೆಗೂ ತಮ್ಮ ಗಣನೆಯನ್ನು ಬಿಟ್ಟುಕೊಡಲಿಲ್ಲ. ದಿನವು ತಪ್ಪಿದರೆ ಧರ್ಮವೇ ತಪ್ಪಿತೆಂಬ ನಿಷ್ಠೆಯು ಅಲ್ಲಿಯ ಜನರಿಗೆ ಹೊಸದಲ್ಲ.

ದಂಗೆಯ ಸ್ಮರಣೆಯು ಹಬ್ಬವನ್ನು ಹಿಡಿದುದಕ್ಕೆ ಒಂದು ಕಾರಣವು ಲೌಕಿಕವಾದುದು: ಈಸ್ಟರಿನ ಸೋಮವಾರವು ರಜಾದಿನವಾದುದರಿಂದ ಜನರು ಸೇರುವುದು ಸುಲಭ. ಇನ್ನೊಂದು ಕಾರಣವು ಭಾವಕ್ಕೆ ಸಂಬಂಧಿಸಿದುದು. ಸತ್ತು ಮೂರನೆಯ ದಿನ ಎದ್ದುಬಂದವನ ಹಬ್ಬದೊಡನೆ, ಮರಣದಿಂದ ರಾಷ್ಟ್ರವು ಎದ್ದುಬರುವುದೆಂಬ ಕಲ್ಪನೆಯು ಸಹಜವಾಗಿ ಕೂಡಿಕೊಂಡಿತು. 1917ರ ಈಸ್ಟರಿನಲ್ಲಿಯೇ, ದಂಗೆಯಲ್ಲಿ ಪಾಲುಗೊಂಡಿದ್ದ ಹೆಂಗಸರು ಘೋಷಣಾಪತ್ರವನ್ನು ಮರುಮುದ್ರಿಸಿ ಡಬ್ಲಿನ್ನಿನ ಗೋಡೆಗಳಿಗೆ ಅಂಟಿಸಿದರು. 1935ರ ಈಸ್ಟರ್ ಭಾನುವಾರ ಪ್ರಧಾನ ಅಂಚೆಕಚೇರಿಯೊಳಗೆ ಪುರಾಣವೀರನಾದ ಕುಹೂಲಿನ್ನನ ಪ್ರತಿಮೆಯ ಅನಾವರಣವಾಯಿತು. ಐರ್ಲೆಂಡು ಬ್ರಿಟಿಷ್ ಕಾಮನ್‌ವೆಲ್ತಿನಿಂದ ಹೊರಬಂದು ಗಣರಾಜ್ಯವೆನಿಸಿದ ದಿನವಾಗಿ 1949ರ ಏಪ್ರಿಲ್ 18ನ್ನು ಆರಿಸಿದುದಕ್ಕೂ ಅದು ಆ ವರ್ಷದ ಈಸ್ಟರ್ ಸೋಮವಾರವಾಗಿದ್ದುದೇ ಕಾರಣ.

ಅದೇ ಏಪ್ರಿಲ್ 18ಕ್ಕೆ ಭಾರತದಲ್ಲಿಯೂ ಒಂದು ಸಂಬಂಧ ಉಂಟು. 1930ರಲ್ಲಿ ಆ ದಿನವು ಈಸ್ಟರಿನ ಹಿಂದಣ ಶುಭಶುಕ್ರವಾರವಾಗಿದ್ದಿತು. ಐರಿಷ್ ದಂಗೆಯ ವೃತ್ತಾಂತವನ್ನು ಓದಿ ಪ್ರೇರಿತರಾಗಿದ್ದ ಸೂರ್ಯಸೇನ್ ಮತ್ತು ಅವರ ಸಂಗಡಿಗರು ಅಂದು ರಾತ್ರಿ ವಂಗದೇಶದ ಚಿತ್ತಗಾಂಗಿನಲ್ಲಿ ಆಯುಧಾಗಾರಗಳ ಮೇಲೆ ಬಿದ್ದರು. ತಮ್ಮ ದಳಕ್ಕೆ ಅವರು ಇಟ್ಟುಕೊಂಡ ಹೆಸರೂ ಐರಿಷರದನ್ನೇ ಹೋಲುವ ಭಾರತೀಯ ಗಣರಾಜ್ಯ ಸೇನೆಯೆಂಬುದು. ಆ ಪರ್ವದಿನದ ಕಾರಣದಿಂದಲೇ ಯೂರೋಪಿಯನರ ಕ್ಲಬ್ಬು ಅಂದು ಬರಿದಾಗಿದ್ದಿತೆಂಬುದು ಅವರು ಎಣಿಸಿರದ ಫಲ.

ಚಾಂದ್ರಗಣನೆಯಿಂದ ಆಗುವ ವೈಚಿತ್ರ್ಯವು 2016ರ ಶತಮಾನೋತ್ಸವದಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಆ ವರ್ಷ ಈಸ್ಟರ್ ಭಾನುವಾರವು ಮಾರ್ಚಿ 27ಕ್ಕೇ ಬಂದುಬಿಟ್ಟಿತು. ಸರ್ಕಾರದ ದೊಡ್ಡ ಸೇನಾಮೆರವಣಿಗೆಯು ಅಂದೇ ನಡೆದುಹೋದುದರಿಂದ, ನೂರು ವರ್ಷಗಳು ಪೂರ್ಣವಾಗುವುದಕ್ಕೆ 28 ದಿನ ಮೊದಲೇ ಉತ್ಸವವಾದಂತಾಯಿತು. ಏಪ್ರಿಲ್ 24ರಂದು ನಾಗರಿಕರು ಕೆಲವರು ಬೇರೆಯಾಗಿ ಮೆರವಣಿಗೆ ನಡೆಸಿದರು. ಸರ್ಕಾರಕ್ಕೆ ಹಬ್ಬ, ಅವರಿಗೆ ತಾರೀಖು.

ಗಲ್ಲು ಗುಂಡುಗಳಿಗೆ ಗುರಿಯಾದವರ ವಿಷಯದಲ್ಲಿ ಮಾತ್ರ ಚಂದ್ರನ ಮಾತಿಲ್ಲ. ಮೇ 3ರಿಂದ 12ರವರೆಗೆ ಡಬ್ಲಿನ್ನಿನ ಕಿಲ್ಮೇನಮ್ ಸೆರೆಮನೆಯಲ್ಲಿ 14 ಮಂದಿಯನ್ನೂ ಕಾರ್ಕ್ ನಗರದಲ್ಲಿ ಒಬ್ಬನನ್ನೂ ಗುಂಡಿಕ್ಕಿ ಕೊಂದರು. ಕೇಸ್‌ಮೆಂಟನನ್ನು ಆಗಸ್ಟ್ 3ರಂದು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಒಟ್ಟು 16. ಗಾಯದಿಂದ ನಿಲ್ಲಲಾರದೆ ಇದ್ದ ಜೇಮ್ಸ್ ಕಾನೊಲಿಯನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಕ್ಕಿದ ಮೇ 12ನೆಯ ದಿನವನ್ನು, ಮರುವರ್ಷ ಅದೇ ತಾರೀಖಿನಂದು ಆತನ ಕಾರ್ಮಿಕ ಸಂಘದ ಭವನದ ಮೇಲೆ ದೊಡ್ಡ ಅಕ್ಷರಗಳ ಬಟ್ಟೆಯನ್ನು ತೂಗಹಾಕಿ ನೆನೆದರು. ಸಮೂಹದ ವಿಕ್ರಮಕ್ಕೆ ತಿಥಿಯೆಂತೋ, ಒಬ್ಬೊಬ್ಬನ ಮರಣಕ್ಕೆ ತಾರೀಖು ಅಂತು. ದಂಗೆಯ ವಿಷಯದಲ್ಲಿ ಉದಾಸೀನರಾಗಿದ್ದ ಜನರ ಮನಸ್ಸು ತಿರುಗಿದುದು ಈ ಹತ್ತು ದಿನಗಳಲ್ಲಿಯೇ ಎಂಬುದನ್ನು ನೋಡಿದರೆ, ಎರಡನೆಯ ಗಣನೆಗೇ ಚರಿತ್ರೆಯ ಬಲವು ಹೆಚ್ಚೆಂದು ಹೇಳಬೇಕಾಗುತ್ತದೆ.

ಐರ್ಲೆಂಡಿನ ಉತ್ತರಭಾಗದ ಪ್ರಾಟೆಸ್ಟೆಂಟರಿಗೆ ಬೇರೊಂದು ಮಹಾದಿನವುಂಟು; ಅದು ಜುಲೈ 12. ಕ್ಯಾಥೊಲಿಕನಾದ ಎರಡನೆಯ ಜೇಮ್ಸ್ ರಾಜನನ್ನು ಮೂರನೆಯ ವಿಲಿಯಂ ಬಾಯ್ನ್ ನದಿಯ ತೀರದಲ್ಲಿ ಸೋಲಿಸಿದ ದಿನವೆಂದು ಅದನ್ನು ಆರೆಂಜ್ ಸಂಘದವರು ತಮ್ಮಟೆ ಮೆರವಣಿಗೆಗಳಿಂದ ಆಚರಿಸುತ್ತಾರೆ. ಈ ಸಂಘವು 1795ರಲ್ಲಿ ಹುಟ್ಟಿತು. ಆದರೆ ಯುದ್ಧವು ನಡೆದುದು ಅಂದಿನ ಗಣನೆಯ ಮೇರೆಗೆ 1690ನೆಯ ಇಸವಿ ಜುಲೈ 1ರಂದು. ಬ್ರಿಟಿಷ್ ಅಧಿಕಾರವಿದ್ದ ನಾಡುಗಳಲ್ಲಿ 1752ರವರೆಗೆ ಜೂಲಿಯನ್ ಎಂಬ ಹಳೆಯ ಗಣನೆಯೇ ಬಳಕೆಯಲ್ಲಿದ್ದು, ಆ ವರ್ಷ ಸೆಪ್ಟೆಂಬರ್ 2ರ ಮಾರನೆಯ ದಿನವನ್ನೇ 14 ಎಂದು ಎಣಿಸಿ 11 ದಿನಗಳನ್ನು ಲೋಪಮಾಡಿದರು. ಆ 11ನ್ನು ಜುಲೈ 1ಕ್ಕೆ ಕೂಡಿಸಿದಾಗ 12 ಬಂದಿತು. ಇಲ್ಲಿ ಒಂದು ಗಣಿತದೋಷವಿದೆ. 1700ನ್ನು ಹಳೆಯ ಗಣನೆಯವರು ಅಧಿಕದಿನವುಳ್ಳ ವರ್ಷವೆಂದೂ ಹೊಸ ಗಣನೆಯವರು ಹಾಗಲ್ಲವೆಂದೂ ಹಿಡಿದುದರಿಂದ ಅಂತರವು 11 ಆದುದು ಆ ವರ್ಷದಿಂದ ಈಚೆಗೆ. 1690ರಲ್ಲಿ ಅದು 10 ಮಾತ್ರ. ಆದಕಾರಣ ಬಾಯ್ನ್ ಯುದ್ಧದ ಶುದ್ಧದಿನವು ಜುಲೈ 11. ಇದರ ಮೇಲೆ, ಹಳೆಯ ಗಣನೆಯ ಜುಲೈ 12ರಂದು, 1691ರಲ್ಲಿ, ಆಕ್ರಿಮ್ ಎಂಬಲ್ಲಿ ಇನ್ನೂ ಘೋರವಾದ ಯುದ್ಧವೊಂದು ನಡೆದು ಜೇಮ್ಸನ ಪಕ್ಷವು ಪೂರ್ಣವಾಗಿ ಮುರಿದುಬಿದ್ದಿತು. ಎಂದರೆ ಒಂದು ಯುದ್ಧದ ತಾರೀಖಿನಲ್ಲಿ ಮತ್ತೊಂದು ಯುದ್ಧದ ಉತ್ಸವವು ನಡೆಯುತ್ತಿದೆ! ಲಕ್ಷಾಂತರ ಜನರು ನಡೆಸಿಕೊಂಡು ಬಂದ ದಿನಕ್ಕೆ ರೂಢಿಯೇ ಪ್ರಮಾಣವೆಂದು ಬಿಡುವುದೊಂದೇ ದಾರಿ.

1916ರ ಜುಲೈ 1ರಂದು, ಫ್ರಾನ್ಸಿನ ಸೊಮ್ ನದಿಯ ಯುದ್ಧದಲ್ಲಿ, ಈ ಉತ್ತರದವರ ಅಲ್ಸ್ಟರ್ ದಳವು ಮುನ್ನುಗ್ಗಿ ಎರಡು ದಿನಗಳಲ್ಲಿ ಸುಮಾರು 5,500 ಮಂದಿಯನ್ನು ಸಾವು, ಗಾಯ, ಕಾಣೆಯಾಗುವಿಕೆಗಳಿಂದ ಕಳೆದುಕೊಂಡಿತು. ಬಾಯ್ನಿನ ಹಳೆಯ ತಾರೀಖೂ ಅದೇ ಆದುದರಿಂದ, ಬರಿಯ ಅಂಕಿಯ ಸಾಮ್ಯವೇ ಅವರಿಗೆ ಪವಿತ್ರವಾಯಿತು. ಹೀಗೆ ಒಂದೇ ವರ್ಷದ ಎರಡು ಹತ್ಯಾಕಾಂಡಗಳು ದ್ವೀಪದ ಎರಡು ಜನಾಂಗಗಳಿಗೆ ಎರಡು ಬೇರೆ ಬೇರೆ ಪುಣ್ಯದಿನಗಳಾದವು.

1798ರ ದಂಗೆಯ ನಾಯಕನಾದ ವುಲ್ಫ್ ಟೋನನು ಸತ್ತುದು ನವೆಂಬರ್ 19ರಂದು. ಆತನ ಸಮಾಧಿಯಿರುವ ಬೋಡನ್ಸ್‌ಟೌನಿಗೆ ಯಾತ್ರೆಯು ಬಹುಕಾಲದಿಂದ ಜೂನಿನಲ್ಲಿ, ಆತನ ಹುಟ್ಟಿದ ದಿನವಾದ 20ರ ಆಸುಪಾಸಿನ ಭಾನುವಾರಗಳಲ್ಲಿ ನಡೆದುಬಂದಿದೆ. ಸಮಾಧಿಯ ಬಳಿ ಜಯಂತಿ! ಪಕ್ಷಗಳು ಒಡೆದಂತೆಲ್ಲ ಯಾತ್ರೆಯ ದಿನಗಳೂ ಬೇರೆ ಬೇರೆಯಾದವು.

ಉತ್ಸವವೇ ಅಪಾಯವಾಗಿ ಕಂಡ ಕಾಲವೂ ಉಂಟು. 1966ರ ಸುವರ್ಣೋತ್ಸವವು ವೈಭವದಿಂದ ಜರುಗಿತು. ದಂಗೆಯಲ್ಲಿ ತಾನೇ ಹೋರಾಡಿದ್ದ ಡಿ ವೆಲೆರಾ ಆಗ ರಾಷ್ಟ್ರಾಧ್ಯಕ್ಷನಾಗಿದ್ದು ಡಬ್ಲಿನ್ನಿನ ಸ್ಮರಣೋದ್ಯಾನವನ್ನು ತೆರೆದನು. ಅದಕ್ಕೆ ತುಸು ಮೊದಲು, ಮಾರ್ಚಿ 8ರಂದು, ಅಂಚೆಕಚೇರಿಯ ಸಮೀಪದಲ್ಲಿದ್ದ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಸ್ತಂಭವನ್ನು ಕೆಲವರು ಮದ್ದಿಟ್ಟು ಹಾರಿಸಿದ್ದರು. 1969ರಿಂದ ಉತ್ತರದಲ್ಲಿ ರಕ್ತಪಾತವು ಮೊದಲಾಗಲು, ಡಬ್ಲಿನ್ನಿನ ಸರ್ಕಾರವು ವಾರ್ಷಿಕ ಸೇನಾಮೆರವಣಿಗೆಯನ್ನು ನಿಲ್ಲಿಸಿತು. ಅದು ಮತ್ತೆ ನಡೆದುದು 2006ರಲ್ಲಿ.

ಇನ್ನು, ಯಾರನ್ನು ನೆನೆಯಬೇಕೆಂಬ ವಿಷಯ. ಈಸ್ಟರ್ ವಾರದಲ್ಲಿ ಸತ್ತವರು ಸುಮಾರು 485 ಮಂದಿಯೆಂದು ಡಬ್ಲಿನ್ನಿನ ಗ್ಲಾಸ್‌ನೆವಿನ್ ಸ್ಮಶಾನದ ಆಡಳಿತದವರು ದಾಖಲೆಗಳನ್ನು ಶೋಧಿಸಿ ಲೆಕ್ಕಹಾಕಿದ್ದಾರೆ. ಇವರಲ್ಲಿ ಅರ್ಧಕ್ಕೆ ಮಿಕ್ಕವರು ಯಾವ ಪಕ್ಷಕ್ಕೂ ಸೇರದ ಪುರಜನರು. ಸುಮಾರು 40 ಮಂದಿ ಮಕ್ಕಳು. ದಂಗೆಯವರು, ಬ್ರಿಟಿಷ್ ಸೈನಿಕರು, ಆರಕ್ಷಕರು, ಪುರಜನರು ಎಂಬ ಭೇದವಿಲ್ಲದೆ ಎಲ್ಲರ ಹೆಸರುಗಳನ್ನೂ ಕೆತ್ತಿದ ಕಪ್ಪುಕಲ್ಲಿನ ಗೋಡೆಯೊಂದನ್ನು ಅವರು 2016ರ ಏಪ್ರಿಲ್ 3ರಂದು ಅನಾವರಣ ಮಾಡಿದರು. ಕೊಂದವನ ಹೆಸರು, ಸತ್ತವನ ಹೆಸರು ಒಂದೇ ಕಲ್ಲಿನಲ್ಲಿರಬಹುದೇ ಎಂದು ಅಂದೇ ಹೊರಗೆ ಪ್ರತಿಭಟನೆಯಾಯಿತು. 2017ರಲ್ಲಿ ಗೋಡೆಗೆ ಬಣ್ಣವನ್ನೆರಚಿದರು. 2020ರಲ್ಲಿ ಸುತ್ತಿಗೆಯಿಂದ ಒಡೆದರು. ತರುವಾಯ ಆಡಳಿತದವರು ಹೆಸರುಗಳ ಆ ಯೋಜನೆಯನ್ನೇ ಕೈಬಿಟ್ಟರು. ಪಿತೃಪಕ್ಷದಲ್ಲಿ ಬಂಧುವಲ್ಲದವನಿಗೂ, ಹೆಸರು ಗೊತ್ತಿಲ್ಲದವನಿಗೂ ತಿಲೋದಕವನ್ನು ಬಿಡುವ ವಿಧಿಯುಂಟು. ಆದರೆ ಅದರಲ್ಲಿ ಹೆಸರನ್ನು ಕಲ್ಲಿನ ಮೇಲೆ ಬರೆಯಬೇಕಾಗಿಲ್ಲ.

ದಂಗೆಗೆ 150 ವರ್ಷಗಳು ತುಂಬುವ 2066ರಲ್ಲಿ ಈಸ್ಟರ್ ಭಾನುವಾರವು ಏಪ್ರಿಲ್ 11ಕ್ಕೆ ಬರುವುದೆಂದು ಗಣಿತದಿಂದ ಸಿದ್ಧವಾಗುತ್ತದೆ. ತಾರೀಖಿಗೂ ಹಬ್ಬಕ್ಕೂ ಆಗ 13 ದಿನಗಳ ಅಂತರವಿರುವುದು. ಈಸ್ಟರಿನ ಸೋಮವಾರವು ಏಪ್ರಿಲ್ 24ರಂದೇ ಬೀಳುವುದು ಇನ್ನು 2079ರಲ್ಲಿ.