ನಿರಪರಾಧಿಯಾದ ಬಾಯ್ಲರು

ಬ್ರಿಟನ್ನಿನ ಮನೆಯೊಂದರಲ್ಲಿ ಚಳಿಗಾಲದ ಪ್ರಾತಃಕಾಲ ರೇಡಿಯೇಟರುಗಳೆಲ್ಲ ತಣ್ಣಗಿದ್ದು ಬಾಯ್ಲರು ಮೌನವಾಗಿದ್ದರೆ, ಮನೆಯವರ ಸಂಶಯ ಮೊದಲು ಬಾಯ್ಲರಿನ ಮೇಲೆಯೇ ಬೀಳುವುದು ಸ್ವಾಭಾವಿಕ. ಆದರೆ ಬಿಸಿನೀರಿನ ತೊಟ್ಟಿಯ ಪಕ್ಕದ ಕತ್ತಲೆಯಲ್ಲಿ, ಕೊಳವೆಯ ಮೇಲೆ ಕುಳಿತಿರುವ ಸಣ್ಣದೊಂದು ಲೋಹದ ಪೆಟ್ಟಿಗೆಯೇ ಈ ಸಮಸ್ತ ಅನರ್ಥಕ್ಕೆ ಮೂಲವಾಗಿರುವ ಸಂದರ್ಭಗಳು ವಿರಳವಲ್ಲ. ವಿದ್ಯುಚ್ಚಾಲಿತ ವಾಲ್ವೆಂಬ ಈ ಉಪಕರಣವನ್ನು ಬರಿಯ ನಲ್ಲಿಯೆಂದು ಭಾವಿಸುವುದರಿಂದಲೇ ದುರಸ್ತಿಯ ಹಾದಿ ತಪ್ಪುವುದೆಂದು ನನ್ನ ದೃಢವಾದ ಅಭಿಪ್ರಾಯ.

ಅಲ್ಲಿ ಬಹು ಮನೆಗಳಲ್ಲಿರುವ ಎರಡು ಬಾಯಿಯ ವಾಲ್ವನ್ನೇ ನೋಡೋಣ. ಕೋಣೆಯ ಉಷ್ಣತೆ ಗೊತ್ತುಪಡಿಸಿದ ಅಂಕಕ್ಕಿಂತ ಇಳಿದೊಡನೆ ಗೋಡೆಯ ಥರ್ಮೊಸ್ಟಾಟು 230 ವೋಲ್ಟಿನ ವಿದ್ಯುತ್ತನ್ನು ಕಳುಹಿಸುವುದು ಬಾಯ್ಲರಿಗಲ್ಲ, ಕಂದು ತಂತಿಯ ಮೂಲಕ ವಾಲ್ವಿನ ಮೋಟಾರಿಗೆ. ಮೋಟಾರು ಸ್ಪ್ರಿಂಗಿನ ಎಳೆತವನ್ನು ಮೀರಿ ನೀರಿನ ದಾರಿಯನ್ನು ತೆರೆದ ಮೇಲೆ ಒಳಗಿನ ಪುಟ್ಟ ಸ್ವಿಚ್ಚು ಒತ್ತಲ್ಪಟ್ಟು, ಬೂದು ತಂತಿಯಲ್ಲಿ ಸದಾ ಸನ್ನದ್ಧವಾಗಿರುವ ವಿದ್ಯುತ್ತು ಕಿತ್ತಳೆ ತಂತಿಗೆ ಹರಿದು, ಆಗ ಮಾತ್ರ ಬಾಯ್ಲರು ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆಯುವುದೂ, ತೆರೆದಿರುವೆನೆಂದು ಒಳಗೆ ನಿವೇದಿಸುವುದೂ ಒಬ್ಬನೇ ದ್ವಾರಪಾಲಕನ ಕರ್ತವ್ಯವಾದಂತೆ ಇಲ್ಲಿಯ ವ್ಯವಸ್ಥೆ. ಆದಕಾರಣ ಎರಡರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವುದು ಉರಿಯದ ಬಾಯ್ಲರೊಂದೇ.

ಭೇದವನ್ನರಿಯಲು ಪೆಟ್ಟಿಗೆಯ ಪಕ್ಕದ ಸಣ್ಣ ಹಿಡಿಯೇ ಸಾಕು. ಥರ್ಮೊಸ್ಟಾಟನ್ನು ಏರಿಸಿ, ಅರೆನಿಮಿಷ ಕಾದು, ಹಿಡಿಯನ್ನು ಮೆಲ್ಲನೆ ಸರಿಸಿದಾಗ ಅದು ಸಡಿಲವಾಗಿ ಆಡಿದರೆ ಮೋಟಾರು ತನ್ನ ಕೆಲಸವನ್ನು ಮಾಡಿದೆ. ಹಾಗಿದ್ದೂ ಬಾಯ್ಲರು ಹೊತ್ತದಿದ್ದರೆ, ಒಳಗಿನ ಸ್ವಿಚ್ಚನ್ನು ಮೊದಲು ಶಂಕಿಸತಕ್ಕದ್ದು. ಹಿಡಿ ಬಿಗಿಯಾಗಿ ಎದುರೊತ್ತಿದರೆ ವಾಲ್ವು ತೆರೆದೇ ಇಲ್ಲ. ಆಗ ಕಂದು ತಂತಿಗೆ ವಿದ್ಯುತ್ತು ಬರುತ್ತಿದೆಯೆ ಎಂಬುದನ್ನು ಬಲ್ಲವರಿಂದ ಮೀಟರಿನಲ್ಲಿ ಅಳೆಯಿಸಬೇಕು. ಬಾರದಿದ್ದರೆ ದೋಷ ಥರ್ಮೊಸ್ಟಾಟಿನ ಕಡೆಯದು, ಬರುತ್ತಿದ್ದರೆ ಮೋಟಾರಿನದು ಅಥವಾ ವಾಲ್ವನ್ನು ತಿರುಗಿಸುವ, ಕಚ್ಚಿಕೊಂಡ ಕಡ್ಡಿಯದು. ಮನೆ ಬೆಚ್ಚಗಾಗಿ ಥರ್ಮೊಸ್ಟಾಟು ನಿಲ್ಲಿಸಿದ ಮೇಲೆಯೂ ಬಾಯ್ಲರು ಉರಿಯುತ್ತಲೇ ಇರುವುದುಂಟು. ಸ್ಪ್ರಿಂಗು ವಾಲ್ವನ್ನು ಹಿಂದಕ್ಕೆಳೆಯಲಾರದೆಯೋ, ಸ್ವಿಚ್ಚು ಅಂಟಿಕೊಂಡೋ ಕಿತ್ತಳೆ ತಂತಿ ವಿದ್ಯುತ್ತನ್ನು ಬಿಡದಿರುವುದು ಇದರ ಸಾಮಾನ್ಯ ಕಾರಣ.

ಮೋಟಾರುಗಳು ಸೋಲುವುದೇಕೆಂಬುದು ವಿಚಾರಾರ್ಹವಾದುದು. ದಾರಿ ತೆರೆದ ಮೇಲೆ ಅವಕ್ಕೆ ವಿಶ್ರಾಂತಿಯಿಲ್ಲ; ಸ್ಪ್ರಿಂಗಿಗೆ ಎದುರಾಗಿ, ತಿರುಗದೆ, ವಿದ್ಯುತ್ತನ್ನು ಹೀರುತ್ತ, ಬಿಸಿಯೇರಿದ ಮೈಯಲ್ಲಿ, ಚಳಿಗಾಲದ ಉದ್ದಕ್ಕೂ ಗಂಟೆಗಟ್ಟಲೆ ಅವು ಹಾಗೆಯೇ ಹಿಡಿದು ನಿಲ್ಲಬೇಕು. ಇಷ್ಟು ದುಡಿದು ಸವೆದ ಚಿಕ್ಕ ಮೋಟಾರೊಂದನ್ನು ಬದಲಿಸಿದರೆ ತೀರುವ ತೊಂದರೆಗೆ ಬಾಯ್ಲರಿನ ಬೆಲೆಬಾಳುವ ಭಾಗಗಳನ್ನು ಕಿತ್ತುಹಾಕಿಸುವುದು, ಅದೂ ಚಳಿಯಲ್ಲಿ ನಡುಗುವ ವೃದ್ಧರ ಮನೆಯಲ್ಲಿ, ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಬೂದು ತಂತಿಯ ವಿಷಯದಲ್ಲಿ ಮಾತ್ರ ಉಪೇಕ್ಷೆ ಸಲ್ಲದು. ಥರ್ಮೊಸ್ಟಾಟನ್ನು ಆರಿಸಿದರೂ ಆ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುವುದರಿಂದ, ಮುಚ್ಚಳವನ್ನು ತೆರೆಯುವ ಮುನ್ನ ಇಡೀ ವ್ಯವಸ್ಥೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಫ್ಯೂಸನ್ನು ತೆಗೆದಿಡಬೇಕು. ಬಾಯ್ಲರಿನ ಅನಿಲದ ಭಾಗವನ್ನಂತೂ ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ನೋಂದಣಿಯುಳ್ಳ ತಂತ್ರಜ್ಞರೇ ಮುಟ್ಟತಕ್ಕದ್ದು.

ಮೇಲಿನ ಪೆಟ್ಟಿಗೆ ಬಿಚ್ಚಿ ಬರುವ ಬಗೆಯ ವಾಲ್ವಾದರೆ ಕೊಳವೆಯ ನೀರನ್ನು ಖಾಲಿಮಾಡದೆಯೇ ಅದನ್ನು ಬದಲಿಸಬಹುದು. ಕೆಳಗಿನ ಕಡ್ಡಿಯೇ ಕಬ್ಬಿಣದ ಕಪ್ಪು ಕೆಸರಿನಿಂದ ಕಚ್ಚಿಕೊಂಡಿದ್ದರೆ ನೀರನ್ನಿಳಿಸಿ ವಾಲ್ವಿನ ಒಡಲನ್ನೇ ತೆಗೆಯಬೇಕಾದೀತು. ಬೇಸಗೆಯಲ್ಲಿಯೂ ತಿಂಗಳಿಗೊಮ್ಮೆ ಕೆಲವು ನಿಮಿಷ ವ್ಯವಸ್ಥೆಯನ್ನು ನಡೆಸುತ್ತಿದ್ದರೆ ಕಡ್ಡಿ ಹೀಗೆ ಕಚ್ಚಿಕೊಳ್ಳುವ ಸಂಭವ ಕಡಿಮೆ.