ಮುಟ್ಟು ನಿಂತ ಮೇಲೆ ಹೊಟ್ಟೆಯ ಸುತ್ತಳತೆ

"ಊಟ ಮೊದಲಿನಷ್ಟೇ ಇದೆ, ಹೊಟ್ಟೆ ಮಾತ್ರ ಮುಂದೆ ಬರ್ತಿದೆ." ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಐವತ್ತರ ಆಸುಪಾಸಿನ ಹೆಂಗಸರು ಹೀಗನ್ನುವುದುಂಟು. ಮನೆಯವರು ನಂಬುವುದಿಲ್ಲ. ನಂಬಬೇಕು.

ಮುಟ್ಟಾಗುವ ವರ್ಷಗಳಲ್ಲಿ ಅಂಡಾಶಯ ಸ್ರವಿಸುವ ಈಸ್ಟ್ರೊಜೆನ್ ಹಾರ್ಮೋನು ಕೊಬ್ಬನ್ನು ಹೆಚ್ಚಾಗಿ ತೊಡೆ, ಪಿರ್ರೆಗಳಲ್ಲಿ ಕೂಡಿಡುತ್ತದೆ. ನಮ್ಮ ದೇಶದಲ್ಲಿ ಮುಟ್ಟು ಸರಾಸರಿ 46–47ರ ವಯಸ್ಸಿಗೆ ನಿಲ್ಲುತ್ತದೆ. ಆ ಹೊತ್ತಿಗೆ ಈಸ್ಟ್ರೊಜೆನ್ ಇಳಿದಿರುತ್ತದೆ. ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರತೊಡಗುತ್ತದೆ. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿ ಮಾಡುವುದು ಈ ಒಳಗೊಬ್ಬೇ. 1990ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ 'ಸ್ವಾನ್' ಅಧ್ಯಯನ ಸಾವಿರಾರು ಹೆಂಗಸರನ್ನು ವರ್ಷಾನುಗಟ್ಟಲೆ ಗಮನಿಸಿತು. ಕೊನೆಯ ಮುಟ್ಟಿಗೆ ಒಂದೆರಡು ವರ್ಷ ಮೊದಲೇ ಕೊಬ್ಬು ಕೂಡುವ ವೇಗ ಹೆಚ್ಚಿತ್ತು, ಮಾಂಸಖಂಡ ಕರಗತೊಡಗಿತ್ತು. ಒಂದು ಏರಿ ಇನ್ನೊಂದು ಇಳಿದರೆ ತೂಕದ ಯಂತ್ರದಲ್ಲಿ ಅದು ಕಾಣುವುದಿಲ್ಲ. ಒಟ್ಟು ತೂಕ ಏರುವುದರಲ್ಲಿ ವಯಸ್ಸಿನ, ಕಡಿಮೆಯಾದ ಓಡಾಟದ ಪಾಲೇ ದೊಡ್ಡದು. ಕೊಬ್ಬಿನ ಜಾಗ ಬದಲಿಸುವುದು ಹಾರ್ಮೋನು.

ಆದ್ದರಿಂದ ಟೇಪು ಹಿಡಿಯಿರಿ. ಆಶಾ ಕಾರ್ಯಕರ್ತೆ 30 ದಾಟಿದವರಿಗೆಲ್ಲ ತುಂಬುವ, ರೋಗದ ಅಪಾಯ ಅಂದಾಜಿಸುವ ನಮೂನೆಯಲ್ಲಿ ಹೊಟ್ಟೆಯ ಸುತ್ತಳತೆಗೂ ಅಂಕವಿದೆ: ಹೆಂಗಸರಿಗೆ 80 ಸೆಂ.ಮೀ. ತನಕ ಸೊನ್ನೆ, 81ರಿಂದ 90ಕ್ಕೆ 1, ಅದಕ್ಕೂ ಮೇಲೆ 2. ಸೀರೆಯ ಮೇಲೆ ಅಂದಾಜಿನಲ್ಲಿ ಬರೆಸಬೇಡಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬರಿಮೈ ಮೇಲೆ, ಉಸಿರು ಬಿಟ್ಟಾಗ ಅಳೆಯಬೇಕು. ಲಂಗದ ಲಾಡಿ ಕಟ್ಟುವ ಜಾಗ ಬೇರೆ, ಇದು ಬೇರೆ.

ಕರಗುವ ಮಾಂಸಖಂಡ ಉಳಿಯಲು ವ್ಯಾಯಾಮ ಬೇಕು. ಹೆಂಗಸರ ಕೆಲಸಕ್ಕೆ ಕೊನೆಯಿಲ್ಲ, ನಿಜ. ಆದರೆ ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಸುಲಿದರೆ ಕೈ ಸೋಲುತ್ತದೆಯೇ ಹೊರತು ತೊಡೆ, ಬೆನ್ನಿನ ಸ್ನಾಯುಗಳಿಗೆ ಬಲ ಬರುವುದಿಲ್ಲ. ಬಿರುಸಿನ ನಡಿಗೆಯ ಜೊತೆಗೆ ಭಾರ ಎತ್ತುವ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ವಾರಕ್ಕೆರಡು ಸಲವಾದರೂ ಬೇಕು. ತಟ್ಟೆಯಲ್ಲಿ ಅನ್ನ, ಕಡುಬು, ರೊಟ್ಟಿ ತಗ್ಗಲಿ. ಹೆಸರುಕಾಳು, ಹುರುಳಿ, ಮೊಟ್ಟೆ, ಮೀನು ಹೆಚ್ಚಲಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಪದ್ಧತಿಯಲ್ಲಿ ಹೆಂಗಸಿನ ಪಾಲಿಗೆ ಬರುವುದು ಅನ್ನವೇ. ಇದನ್ನು ಮನೆಯವರೇ ಬದಲಿಸಬೇಕು. ಬಿಸಿಯುಬ್ಬರ (ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು) ತಡೆಯಲು ವೈದ್ಯರು ಕೊಡುವ ಹಾರ್ಮೋನು ಮಾತ್ರೆಯಿಂದ ದಪ್ಪಗಾಗುತ್ತೇವೆಂಬ ಭಯಕ್ಕೆ ಆಧಾರವಿಲ್ಲ. ಅದು ತೂಕ ಇಳಿಸುವ ಮದ್ದೂ ಅಲ್ಲ.

ಕೊಬ್ಬು ಹೆಚ್ಚಿದರೆ ಇನ್ನೊಂದು ಅಪಾಯವೂ ಇದೆ. ಅಂಡಾಶಯ ಸುಮ್ಮನಾದ ಮೇಲೆ ಕೊಬ್ಬಿನ ಕೋಶಗಳೇ ಅರೊಮಾಟೇಸ್ ಕಿಣ್ವದ ಮೂಲಕ ಈಸ್ಟ್ರೋನ್ ಎಂಬ ಈಸ್ಟ್ರೊಜೆನ್ ತಯಾರಿಸುತ್ತವೆ. ಕೊಬ್ಬು ಹೆಚ್ಚಿದಷ್ಟೂ ಅದು ಹೆಚ್ಚಿ, ಗರ್ಭಕೋಶದ ಒಳಪದರವನ್ನು ಕೆಣಕುತ್ತಲೇ ಇರುತ್ತದೆ. ದಪ್ಪವಿರುವವರಲ್ಲಿ ಆ ಪದರದ ಕ್ಯಾನ್ಸರ್ ಹೆಚ್ಚಲು ಮುಖ್ಯ ಕಾರಣ ಇದು. ಆದ್ದರಿಂದ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೊಂಡು ಕೂರಬೇಡಿ. ಆ ವಾರವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಭದ್ರಾವತಿಯ ಸರ್ಕಾರಿ ಆಸ್ಪತ್ರೆಗೋ ಹೋಗಿ ಸ್ತ್ರೀರೋಗ ತಜ್ಞರಿಗೆ ತೋರಿಸಿ.