‘ಗಂಧದ ಗುಡಿ’ಯ ಟ್ರೈಲರ್

ಸಾಕ್ಷ್ಯಚಿತ್ರದ ಟ್ರೈಲರ್, ಅಂದರೆ ಬಿಡುಗಡೆಗೆ ಮುನ್ನ ಪ್ರೇಕ್ಷಕರ ಕುತೂಹಲ ಕೆರಳಿಸುವ ಎರಡು-ಮೂರು ನಿಮಿಷಗಳ ತುಣುಕು, ಕಥಾಚಿತ್ರದ ಟ್ರೈಲರ್‌ಗಿಂತ ಕಠಿಣವಾದ ಕೆಲಸ. ಏಕೆಂದರೆ ಬರೆದಿಟ್ಟ ಸಂಭಾಷಣೆಯಾಗಲಿ ಹೊಡೆದಾಟವಾಗಲಿ ಇಲ್ಲದಿರುವಾಗ, ಸಂಕಲನಕಾರನು ಗಂಟೆಗಟ್ಟಲೆ ದೃಶ್ಯಗಳಿಂದ ಒಂದು ಪ್ರಶ್ನೆಯನ್ನು ಹೆಕ್ಕಿ, ಅದರ ಉತ್ತರವನ್ನು ಮಾತ್ರ ಬಚ್ಚಿಡಬೇಕಾಗುತ್ತದೆ. ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’ಗೆ ಈ ಹೊಣೆ ಇನ್ನೂ ಭಾರವಾಗಿತ್ತು. ಅದರಲ್ಲಿ ಕಾಣಿಸಿಕೊಂಡ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ, ಡಿಸೆಂಬರ್ 6ರಂದು ಟೀಸರ್, ಅಂದರೆ ಟ್ರೈಲರ್‌ಗಿಂತ ಚಿಕ್ಕದಾದ ಸುಳಿವು, ಹೊರಬಂದಿತು. ಟ್ರೈಲರ್ ಬಂದದ್ದು 2022ರ ಅಕ್ಟೋಬರ್ 9ರಂದು. ಶೋಕದಲ್ಲಿದ್ದ ನಾಡಿಗೆ ಅವರನ್ನು ಪಾತ್ರದ ವೇಷವಿಲ್ಲದೆ, ಕಾಡಿನಲ್ಲಿ ನಡೆಯುವ ಸಾಮಾನ್ಯ ಪಯಣಿಗನಾಗಿಯೇ ತೋರಿಸಿ, ಕರ್ನಾಟಕದ ಕಾಡು, ಕಡಲು, ವನ್ಯಜೀವಿಗಳಿಗೂ ಅಷ್ಟೇ ಜಾಗ ಕೊಟ್ಟದ್ದು ನಿಜಕ್ಕೂ ಘನವಾದ ನಿರ್ಧಾರ. ಚಿತ್ರ ಅದೇ ತಿಂಗಳ 28ರಂದು ತೆರೆಕಂಡಿತು.